ಇಂಜಿನಿಯರು ಯಾವ ಬಾಗಿಲಿನಿಂದ ಬಂದರು?



ನಮ್ಮ ಗಡಿನಾಡಿನ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕುಳಿತು, “ಮಕ್ಕಳು ಏನು ಓದುತ್ತಿದ್ದಾರೆ?” ಎಂದು ಕೇಳಿ ನೋಡಿ. “ಇಂಜಿನಿಯರಿಂಗ್” ಎಂಬ ಉತ್ತರ ಇಂದು ಅಪರೂಪವಲ್ಲ. ಆ ಉತ್ತರ ಕೊಡುವ ತಂದೆಯ ದನಿಯಲ್ಲಿ ಒಂದಿಷ್ಟು ಹೆಮ್ಮೆ, ಒಂದಿಷ್ಟು ಸಾಲದ ಚಿಂತೆ ಎರಡೂ ಬೆರೆತಿರುತ್ತವೆ. ಹೊಸೂರು, ತಾಳವಾಡಿಯ ಕಡೆ ತಮಿಳಿನಲ್ಲಿ ‘ಪೊರಿಯಾಳರ್’ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಸರ್ಕಾರಿ ಕಚೇರಿಯ ಹಲಗೆಯ ಮೇಲೆ ‘ಅಭಿಯಂತಾ’ ಎಂದು ಬರೆದಿರುತ್ತದೆ. ಹೆಸರು ಯಾವ ಭಾಷೆಯದಾದರೂ ಇರಲಿ, ಆ ಹೆಸರಿನ ಜೊತೆಗೆ ಒಂದು ಅಂತಸ್ತು ಬರುತ್ತದೆ. ಕುರ್ಚಿ ಹಾಕಿ ಕೂರಿಸುವಂಥ, ಮದುವೆಯ ಮಾತುಕತೆಯಲ್ಲಿ ತೂಕ ಹೆಚ್ಚಿಸುವಂಥ ಅಂತಸ್ತು.

ಆದರೆ ಈ ಅಂತಸ್ತು ಎಲ್ಲ ದೇಶಗಳಲ್ಲೂ, ಎಲ್ಲ ಕಾಲದಲ್ಲೂ ಹೀಗೆಯೇ ಇತ್ತೇ? ಇರಲಿಲ್ಲ. ಒಂದು ದೇಶದಲ್ಲಿ ಇಂಜಿನಿಯರೆಂದರೆ ಕತ್ತಿ ಕಟ್ಟಿಕೊಂಡ ಅಧಿಕಾರಿ. ನಡುವೆ ಒಂದು ಕಾಲುವೆಯಷ್ಟು ಕಡಲು ದಾಟಿದರೆ ಪಕ್ಕದ ದೇಶದಲ್ಲಿ ಇಂಜಿನಿಯರೆಂದರೆ ಕೈಗೆ ಎಣ್ಣೆ ಮೆತ್ತಿಕೊಂಡ ಕೆಲಸಗಾರ. ಹೀಗೇಕಾಯಿತು ಎಂಬುದನ್ನು ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಒಂದು ಸಣ್ಣ ಘಟನೆಯಿಂದ ಆರಂಭಿಸೋಣ. ಹರ್ಬರ್ಟ್ ಹೂವರ್ ಎಂಬ ಅಮೆರಿಕದ ಗಣಿ ಇಂಜಿನಿಯರು ಒಮ್ಮೆ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರ ದಾಟುತ್ತಿದ್ದರು. ಊಟದ ಮೇಜಿನಲ್ಲಿ ದಿನವೂ ಅವರ ಜೊತೆ ಕೂರುತ್ತಿದ್ದವರು ಒಬ್ಬ ಇಂಗ್ಲಿಷ್ ಮಹಿಳೆ. ಪುಸ್ತಕ, ದೇಶ, ರಾಜಕೀಯ ಎಂದು ಬಹಳ ಸೊಗಸಾದ ಮಾತುಕತೆ ನಡೆಯಿತು. ಪ್ರಯಾಣದ ಕೊನೆಗೆ ಆಕೆ ಅವರ ಉದ್ಯೋಗವೇನೆಂದು ಕೇಳಿದರು. “ಇಂಜಿನಿಯರ್” ಎಂದರು ಹೂವರ್. ಆಕೆಗೆ ಆಶ್ಚರ್ಯ. ತಾನು ಇವರನ್ನು ಮರ್ಯಾದಸ್ಥ ಮನೆತನದವರೆಂದು ತಿಳಿದುಕೊಂಡಿದ್ದೆನಲ್ಲಾ ಎಂಬರ್ಥದ ಉದ್ಗಾರ ಆಕೆಯ ಬಾಯಿಂದ ಬಂತಂತೆ! ಹೂವರ್ ಮುಂದೆ 1929ರಿಂದ 1933ರವರೆಗೆ ಅಮೆರಿಕದ ಅಧ್ಯಕ್ಷರಾದರು. ಈ ಪ್ರಸಂಗವನ್ನು ತಮ್ಮ ನೆನಪುಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಆ ಮಹಿಳೆ ಕೆಟ್ಟವರೇನಲ್ಲ. ಅವರ ನಾಡಿನಲ್ಲಿ ಆ ಪದಕ್ಕೆ ಇದ್ದ ಅರ್ಥವೇ ಅಂಥದು. ನೋಡಿ, ಈ ಪದದ ಬೇರು ಲ್ಯಾಟಿನ್ ಭಾಷೆಯ ‘ಇಂಗೇನಿಯಂ’; ಎಂದರೆ ಹುಟ್ಟುಜಾಣ್ಮೆ, ಬುದ್ಧಿಶಕ್ತಿ. ಕೋಟೆ ಕಟ್ಟುವ, ಕೋಟೆ ಒಡೆಯುವ ಯಂತ್ರಗಳನ್ನು ಮಾಡುತ್ತಿದ್ದವರಿಗೆ ಮೊದಲು ಈ ಹೆಸರು ಬಂತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ತಮ್ಮನ್ನು ‘ಸಿವಿಲ್ ಇಂಜಿನಿಯರ್’ ಎಂದು ಕರೆದುಕೊಂಡರು. ಸಿವಿಲ್ ಎಂದರೆ ಇಲ್ಲಿ ಸೈನ್ಯಕ್ಕೆ ಸೇರದವನು ಎಂದಷ್ಟೇ ಅರ್ಥ. ಅಲ್ಲಿಂದ ಮುಂದೆ ಈ ವೃತ್ತಿಗೆ ಎರಡು ಬಾಗಿಲುಗಳಾದವು. ಒಂದು ಕಮ್ಮಟದ ಬಾಗಿಲು, ಇನ್ನೊಂದು ಶಾಲೆಯ ಬಾಗಿಲು. ಯಾವ ದೇಶದಲ್ಲಿ ಯಾವ ಬಾಗಿಲು ದೊಡ್ಡದಾಗಿತ್ತೋ ಅದರ ಮೇಲೆ ಅಲ್ಲಿನ ಇಂಜಿನಿಯರ ಅಂತಸ್ತು ನಿಂತಿತು.

ಬ್ರಿಟನ್ನಿನದು ಕಮ್ಮಟದ ಬಾಗಿಲು. ಅಲ್ಲಿ ಕಾಲುವೆಗಳ ಯುಗವನ್ನು ಆರಂಭಿಸಿದ ಜೇಮ್ಸ್ ಬ್ರಿಂಡ್ಲಿ ಗಿರಣಿ ಯಂತ್ರಗಳನ್ನು ಕಟ್ಟುತ್ತಿದ್ದ ಕಸುಬುದಾರ, ಓದುಬರಹ ಅಷ್ಟಕ್ಕಷ್ಟೆ. ನೂರಾರು ಮೈಲಿ ರಸ್ತೆ, ಸೇತುವೆ ಕಟ್ಟಿದ ಥಾಮಸ್ ಟೆಲ್ಫರ್ಡ್ ಕುರಿ ಕಾಯುವವನ ಮಗ. ಕಲ್ಲುಕುಟಿಗನಾಗಿ ಕೆಲಸ ಶುರುಮಾಡಿದವರು. ಅದೇ ಟೆಲ್ಫರ್ಡ್ 1820ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರರ ಸಂಸ್ಥೆಯ ಮೊದಲ ಅಧ್ಯಕ್ಷರಾದರು. 1834ರಲ್ಲಿ ತೀರಿಕೊಂಡಾಗ ರಾಜರಾಣಿಯರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರಿಗೂ ಜಾಗ ಸಿಕ್ಕಿತು.

ಇನ್ನು ಜಾರ್ಜ್ ಸ್ಟೀಫನ್‌ಸನ್ನರ ಕಥೆ ಕೇಳಿ. 1781ರಲ್ಲಿ ಹುಟ್ಟಿದ ಇವರ ತಂದೆ ಕಲ್ಲಿದ್ದಲು ಗಣಿಯ ಪಂಪಿನ ಒಲೆಗೆ ಇದ್ದಲು ಹಾಕುತ್ತಿದ್ದವರು. ಹದಿನೆಂಟರ ಹರೆಯದವರೆಗೆ ಸ್ಟೀಫನ್‌ಸನ್ನರಿಗೆ ಅಕ್ಷರ ಬರುತ್ತಿರಲಿಲ್ಲ. ದುಡಿದ ಹಣದಲ್ಲೇ ರಾತ್ರಿ ಶಾಲೆಗೆ ಹೋಗಿ ಕಲಿತರು. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಹಾಕುವ ಮಸೂದೆ 1825ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂದಾಗ ಸಾಕ್ಷಿ ಹೇಳಲು ನಿಂತವರು ಅವರೇ. ಎದುರಾಳಿ ವಕೀಲರು ಅವರ ಅಳತೆಯ ತಪ್ಪುಗಳನ್ನು ಎತ್ತಿ ಹಿಡಿದರು. ಅವರ ಉತ್ತರ ಸೀಮೆಯ ಹಳ್ಳಿ ಮಾತು ಲಂಡನ್ನಿನವರಿಗೆ ನಗೆಯ ವಸ್ತುವಾಯಿತು. ಈತ ಪರದೇಶದವನೇ ಎಂದು ಸಮಿತಿಯಲ್ಲೊಬ್ಬರು ಕೇಳಿದರಂತೆ! ಮಸೂದೆ ಬಿದ್ದುಹೋಯಿತು.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಆ ನಗೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲಾ ಕಚೇರಿಯ ಕಟಕಟೆಯಲ್ಲಿ ನಮ್ಮ ಮಾತಿನ ಧಾಟಿ ಕೇಳಿ ತಿರುಗಿ ನೋಡಿದ ಮುಖಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆದರೆ ಸ್ಟೀಫನ್‌ಸನ್ ಕೈಬಿಡಲಿಲ್ಲ. ಮರುವರ್ಷ ಹೊಸ ಅಳತೆಯೊಂದಿಗೆ ಮಸೂದೆ ಗೆದ್ದಿತು. ಯಾವ ಜೌಗು ಭೂಮಿಯ ಮೇಲೆ ಹಳಿ ನಿಲ್ಲುವುದೇ ಇಲ್ಲವೆಂದು ವಾದಿಸಿದ್ದರೋ ಅದೇ ಜೌಗಿನ ಮೇಲೆ ಸೊಪ್ಪುಸದೆ, ಕಟ್ಟಿಗೆಯ ಹಾಸು ಹಾಸಿ, ಅದರ ಮೇಲೆ ಹಳಿ ಹಾಕಿ ರೈಲು ಓಡಿಸಿದರು. ಆ ರೈಲು ಮಾರ್ಗ ಉದ್ಘಾಟನೆಯಾದದ್ದು 1830ರ ಸೆಪ್ಟೆಂಬರ್ 15ರಂದು.

ಇದರಿಂದ ಕಮ್ಮಟದ ಬಾಗಿಲು ಬಡವರಿಗೆಲ್ಲ ತೆರೆದಿತ್ತು ಎಂದುಕೊಂಡರೆ ಅದು ಅರ್ಧ ಸತ್ಯ. ದಿನ ಕಳೆದಂತೆ ಹೆಸರಾಂತ ಇಂಜಿನಿಯರರ ಕೈಕೆಳಗೆ ಶಿಷ್ಯನಾಗಿ ಸೇರಬೇಕಾದರೆ ತಂದೆ ದೊಡ್ಡ ಮೊತ್ತ ಕಟ್ಟಬೇಕಾಯಿತು. ಸ್ಟೀಫನ್‌ಸನ್ನರೇ ತಮ್ಮ ಮಗ ರಾಬರ್ಟನನ್ನು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಆ ಮಗ ಮುಂದೆ ಪಾರ್ಲಿಮೆಂಟಿನ ಸದಸ್ಯನಾದ. ಇನ್ನೊಂದು ಕಡೆ, 1851ರಲ್ಲಿ ಫಿಟ್ಟರ್, ಟರ್ನರ್ ಮೊದಲಾದ ಕೆಲಸಗಾರರು ಕಟ್ಟಿಕೊಂಡ ಕಾರ್ಮಿಕ ಸಂಘದ ಹೆಸರೂ ‘ಇಂಜಿನಿಯರರ ಒಕ್ಕೂಟ’ವೇ. ಹೀಗೆ ಒಂದೇ ಪದ ಸೇತುವೆಯ ನಕ್ಷೆ ಬರೆಯುವವನಿಗೂ ಲೇತಿನ ಮುಂದೆ ನಿಲ್ಲುವವನಿಗೂ ಸಂದಿತು. ಇಂದಿಗೂ ಇಂಗ್ಲೆಂಡಿನಲ್ಲಿ ಬಟ್ಟೆ ತೊಳೆಯುವ ಯಂತ್ರ ರಿಪೇರಿಗೆ ಬರುವವರನ್ನು ಇಂಜಿನಿಯರ್ ಎನ್ನುತ್ತಾರೆ. ಇದರಿಂದ ವೃತ್ತಿಯ ಗೌರವ ಕುಗ್ಗಿತೆಂದು ಓದಿದ ಇಂಜಿನಿಯರರು ದೂರುತ್ತಲೇ ಬಂದರು. ಆ ದೂರಿನ ವಿಚಾರಣೆಗೆ ಸರ್ಕಾರವೇ ಫಿನಿಸ್ಟನ್ ಎಂಬವರ ನೇತೃತ್ವದಲ್ಲಿ ಸಮಿತಿ ರಚಿಸಿ, 1980ರಲ್ಲಿ ವರದಿ ಪಡೆಯಿತು.

ಈಗ ಕಡಲ ಆಚೆಯ ಫ್ರಾನ್ಸಿಗೆ ಹೋಗೋಣ. ಅಲ್ಲಿನದು ಶಾಲೆಯ ಬಾಗಿಲು. ಅದಕ್ಕೆ ಕಾವಲು ನಿಂತದ್ದು ಸರ್ಕಾರ. ರಸ್ತೆ ಸೇತುವೆಗಳನ್ನು ನೋಡಿಕೊಳ್ಳಲು ಅಲ್ಲಿನ ದೊರೆ 1716ರಲ್ಲೇ ಇಂಜಿನಿಯರರ ಒಂದು ದಳವನ್ನು ರಚಿಸಿದ್ದ. ಅವರ ತರಬೇತಿಗೆ 1747ರಲ್ಲಿ ಶಾಲೆ ಬಂತು. ಕ್ರಾಂತಿಯಾದ ಮೇಲೆ 1794ರಲ್ಲಿ ‘ಎಕೋಲ್ ಪಾಲಿಟೆಕ್ನಿಕ್’ ಆರಂಭವಾಯಿತು. ನಮ್ಮ ಕಡೆಯ ಪಾಲಿಟೆಕ್ನಿಕ್ಕಿಗೂ ಇದಕ್ಕೂ ಹೆಸರೊಂದೇ ಸಮಾನ. ಇಲ್ಲಿ ಪ್ರವೇಶಕ್ಕೆ ಅತಿ ಕಠಿಣವಾದ ಗಣಿತದ ಪರೀಕ್ಷೆ. 1804ರಲ್ಲಿ ನೆಪೋಲಿಯನ್ ಇದಕ್ಕೆ ಸೈನಿಕ ಶಿಸ್ತು ತಂದ. ಅದರ ವಿದ್ಯಾರ್ಥಿಗಳು ಸಮವಸ್ತ್ರ ಧರಿಸಿ, ಸೊಂಟಕ್ಕೆ ಕತ್ತಿ ಕಟ್ಟಿ, ಜುಲೈ 14ರ ರಾಷ್ಟ್ರೀಯ ದಿನದಂದು ಪ್ಯಾರಿಸ್ಸಿನ ಬೀದಿಯಲ್ಲಿ ಇಂದಿಗೂ ನಡೆಯುತ್ತಾರೆ. ಅಲ್ಲಿ ಓದಿದವರಲ್ಲಿ ಸಾದಿ ಕಾರ್ನೋ, ಆಲ್ಬರ್ಟ್ ಲೆಬ್ರುನ್, ಜಿಸ್ಕಾರ್ ದೆಸ್ತೇನ್ ಈ ಮೂವರು ದೇಶದ ಅಧ್ಯಕ್ಷರಾದರು. ಅಂಥ ನಾಡಿನಲ್ಲಿ ಇಂಜಿನಿಯರೆಂದರೆ ಹುಬ್ಬೇರಿಸುವವರು ಯಾರು?

ಆದರೆ ಈ ಶಾಲೆಯ ಬಾಗಿಲಿಗೂ ಒಂದು ಹೊಸಿಲಿತ್ತು. ಮೊದಮೊದಲು ವಿದ್ಯಾರ್ಥಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು. ನೆಪೋಲಿಯನ್ನನ ಕಾಲದಲ್ಲಿ ವಿದ್ಯಾರ್ಥಿಗಳೇ ಶುಲ್ಕ ಕಟ್ಟಬೇಕಾಯಿತು. ಪರೀಕ್ಷೆಗೆ ಸಿದ್ಧರಾಗಲು ವರ್ಷಗಟ್ಟಲೆ ಪಾಠ ಹೇಳಿಸಿಕೊಳ್ಳಲು ಹಣ ಬೇಕು. ಹೀಗಾಗಿ ಪರೀಕ್ಷೆ ಎಲ್ಲರಿಗೂ ಒಂದೇ ಆದರೂ ಅದರ ಹತ್ತಿರ ಬರಬಲ್ಲವರು ಉಳ್ಳವರ ಮನೆಯ ಮಕ್ಕಳೇ ಆದರು. ಕೆಲಸಗಾರರ, ಸಣ್ಣ ಕಸುಬುದಾರರ ಮಕ್ಕಳಿಗೆ ‘ಕಲೆ ಮತ್ತು ಕಸುಬು’ ಎಂಬ ಹೆಸರಿನ ಬೇರೆ ಶಾಲೆಗಳಿದ್ದವು. ಅಲ್ಲಿ ಕಲಿತವರು ಕಾರ್ಖಾನೆ ನಡೆಸಿದರೂ ಆ ಶಾಲೆಗಳಿಗೆ ಇಂಜಿನಿಯರ್ ಎಂಬ ಬಿರುದು ಕೊಡುವ ಹಕ್ಕು ಸಿಕ್ಕಿದ್ದು 1907ರಲ್ಲಿ. ನಡುವೆ ನಿಂತದ್ದು 1829ರಲ್ಲಿ ಕೈಗಾರಿಕೆಗಾಗಿ ಆರಂಭವಾದ ‘ಎಕೋಲ್ ಸೆಂಟ್ರಾಲ್’. ಪಾಲಿಟೆಕ್ನಿಕ್ಕಿನ ಪ್ರವೇಶ ಸಿಗದ ಗುಸ್ತಾವ್ ಐಫೆಲ್ ಎಂಬ ಹುಡುಗ ಈ ಶಾಲೆಗೆ ಸೇರಿ 1855ರಲ್ಲಿ ಹೊರಬಂದ. ಪ್ಯಾರಿಸ್ಸಿನ ಆ ಪ್ರಸಿದ್ಧ ಗೋಪುರ 1889ರಲ್ಲಿ ಎದ್ದು ನಿಂತದ್ದು ಅವನ ಹೆಸರಿನಲ್ಲಿ. ಅದರ ಮೇಲೆ 72 ಮಂದಿ ವಿಜ್ಞಾನಿಗಳ, ಇಂಜಿನಿಯರರ ಹೆಸರುಗಳನ್ನು ಕೆತ್ತಿಸಿದ. ತನ್ನನ್ನು ಒಳಗೆ ಬಿಡದ ಶಾಲೆಯವರ ಹೆಸರುಗಳೂ ಅವುಗಳಲ್ಲಿವೆ. ಅಂದಹಾಗೆ, ಆ 72ರಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ.

ಜರ್ಮನಿಯಲ್ಲಿ ಜಗಳ ಬೇರೆ ಬಗೆಯದು. ಅಲ್ಲಿ ಒಳ್ಳೆಯ ತಾಂತ್ರಿಕ ಶಾಲೆಗಳು 1825ರಿಂದಲೇ ಬೆಳೆಯತೊಡಗಿದ್ದವು. ಆದರೆ ಲ್ಯಾಟಿನ್, ಗ್ರೀಕ್ ಕಲಿಸುವ ಹಳೆಯ ವಿಶ್ವವಿದ್ಯಾಲಯಗಳ ಪಂಡಿತರು ಅವನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಲು ಒಪ್ಪಲಿಲ್ಲ. ಕಬ್ಬಿಣ ಬಡಿಯುವ ವಿದ್ಯೆಗೆ ಡಾಕ್ಟರೇಟ್ ಎಂಥದು ಎಂಬ ತಾತ್ಸಾರ. ಕೊನೆಗೆ 1899ರಲ್ಲಿ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಪ್ರಷ್ಯದ ತಾಂತ್ರಿಕ ವಿದ್ಯಾಲಯಗಳಿಗೆ ‘ಡಾಕ್ಟರ್ ಇಂಜಿನಿಯರ್’ ಪದವಿ ಕೊಡುವ ಹಕ್ಕು ನೀಡಿದ. ಪಂಡಿತರ ಪಂಕ್ತಿಗೆ ಇಂಜಿನಿಯರರು ಬಂದು ಕುಳಿತರು. ಇಂದು ಆ ದೇಶದಲ್ಲಿ ‘ಇಂಜಿನಿಯರ್’ ಎಂಬ ಪದಕ್ಕೆ ಕಾನೂನಿನ ರಕ್ಷಣೆ ಇದೆ. ಯಾರು ಬೇಕಾದರೂ ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ.

ಹಡಗಿನಲ್ಲಿ ಬಿಟ್ಟುಬಂದ ಹೂವರ್ ಅವರನ್ನು ಈಗ ಮತ್ತೆ ನೆನೆಯೋಣ. ಅವರ ತಂದೆ ಹಳ್ಳಿಯ ಕಮ್ಮಾರ. ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ. 1891ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆರಂಭವಾದಾಗ ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಆ ಮೊದಲ ತಂಡದಲ್ಲೇ ಸೇರಿ, ಸಣ್ಣಪುಟ್ಟ ಕೆಲಸ ಮಾಡುತ್ತ ಓದಿ 1895ರಲ್ಲಿ ಪದವಿ ಪಡೆದರು. ಅದಕ್ಕೂ ಮೊದಲು, 1862ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿ, ಸರ್ಕಾರಿ ಜಮೀನಿನ ಆದಾಯದಿಂದ ರಾಜ್ಯ ರಾಜ್ಯಗಳಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗೆ ದಾರಿ ಮಾಡಿತ್ತು. ಶಾಲೆಯ ಬಾಗಿಲನ್ನು ರೈತನ ಹೊಲದ ಅಂಚಿಗೆ ತಂದ ಕಾಯಿದೆ ಅದು. ಕರಿಯರ ಮಕ್ಕಳಿಗೆ ಮಾತ್ರ ದಕ್ಷಿಣದ ರಾಜ್ಯಗಳಲ್ಲಿ ಆ ಬಾಗಿಲು ಮುಚ್ಚಿಯೇ ಇತ್ತು. ಅವರಿಗಾಗಿ 1890ರಲ್ಲಿ ಇನ್ನೊಂದು ಕಾಯಿದೆ ಬರಬೇಕಾಯಿತು. ಅದರಿಂದ ದೊರೆತದ್ದೂ ಬೇರೆಯೇ ಕಾಲೇಜುಗಳು.

ರಷ್ಯದಲ್ಲಿ ಅಂತಸ್ತೇ ಅಪಾಯವಾದ ಕಾಲವೊಂದಿತ್ತು. ಕ್ರಾಂತಿಯ ನಂತರವೂ ಗಣಿ, ಕಾರ್ಖಾನೆಗಳನ್ನು ನಡೆಸುತ್ತಿದ್ದವರು ಹಳೆಯ ಮೇಲ್ವರ್ಗದ ಇಂಜಿನಿಯರರು. ಅವರ ಮೇಲೆ ಸರ್ಕಾರಕ್ಕೆ ಅನುಮಾನ. 1928ರಲ್ಲಿ ಶಾಖ್ತಿ ಎಂಬ ಗಣಿ ಪ್ರದೇಶದ 53 ಮಂದಿಯ ಮೇಲೆ ಬೇಕೆಂದೇ ಕೆಲಸ ಕೆಡಿಸಿದರೆಂಬ ಆರೋಪ ಹೊರಿಸಿ ವಿಚಾರಣೆ ನಡೆಸಿದರು. ಐವರಿಗೆ ಗುಂಡಿಕ್ಕಿದರು. ಅದೇ ಹೊತ್ತಿಗೆ ಕಾರ್ಮಿಕರ ಮಕ್ಕಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ತಾಂತ್ರಿಕ ಶಾಲೆಗಳಿಗೆ ಸೇರಿಸಿದರು. ಮುಂದೆ ದೇಶದ ನಾಯಕರಾದ ಬ್ರೆಜ್ನೆವ್ 1935ರಲ್ಲಿ ಲೋಹವಿದ್ಯೆಯ ಪದವಿ ಪಡೆದದ್ದು ಹೀಗೆಯೇ. ಆದರೆ ಇಂಜಿನಿಯರರ ಸಂಖ್ಯೆ ಹೆಚ್ಚುತ್ತ ಹೋದಂತೆ ಅವರ ಬೆಲೆ ಇಳಿಯಿತು. ಸೋವಿಯತ್ ಆಡಳಿತದ ಕೊನೆಯ ದಶಕಗಳಲ್ಲಿ ನುರಿತ ಕೆಲಸಗಾರನ ಸಂಬಳ ಇಂಜಿನಿಯರನ ಸಂಬಳಕ್ಕಿಂತ ಹೆಚ್ಚಿರುವುದು ಅಲ್ಲಿ ಸಾಮಾನ್ಯವಾಗಿತ್ತು.

ಎರಡು ಬಾಗಿಲುಗಳನ್ನೂ ಕೂಡಿಸಲು ಯತ್ನಿಸಿದ ದೇಶ ಜಪಾನ್. 1863ರಲ್ಲಿ, ದೇಶ ಬಿಟ್ಟು ಹೋದರೆ ಮರಣದಂಡನೆ ಎಂಬ ಕಾನೂನಿದ್ದ ಕಾಲದಲ್ಲಿ, ಐವರು ಸಮುರಾಯಿ ಯುವಕರು ಗುಟ್ಟಾಗಿ ಇಂಗ್ಲೆಂಡಿಗೆ ಹೋದರು. ಅವರಲ್ಲಿ ಯಾಮಾವೊ ಯೋಜೊ ಎಂಬಾತ ಗ್ಲಾಸ್ಗೋ ನಗರದ ಹಡಗುಕಟ್ಟೆಯಲ್ಲಿ ಕೂಲಿಯವರ ಜೊತೆ ಕೆಲಸ ಮಾಡುತ್ತ ಸಂಜೆ ತರಗತಿಗೆ ಹೋಗುತ್ತಿದ್ದ. ಮುಂದೆ ಅವನು ತನ್ನ ದೇಶದ ಲೋಕೋಪಯೋಗಿ ಇಲಾಖೆಯ ಹಿರಿಯನಾಗಿ ಟೋಕಿಯೊದಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಲು ಮುಂದಾದ. 1873ರಲ್ಲಿ ಅದರ ಮುಖ್ಯಸ್ಥನಾಗಿ ಬಂದವನು ಹೆನ್ರಿ ಡಯರ್ ಎಂಬ ಸ್ಕಾಟ್‌ಲೆಂಡಿನ ಯುವಕ. ಅವನೂ ಯಾಮಾವೊ ಹೋಗುತ್ತಿದ್ದ ಅದೇ ಸಂಜೆ ಕಾಲೇಜಿನಲ್ಲಿ ಓದಿದವನು! ಆರು ವರ್ಷದ ಶಿಕ್ಷಣದಲ್ಲಿ ಕೊನೆಯ ಎರಡು ವರ್ಷ ಪೂರ್ತಿ ಕೆಲಸದ ಜಾಗದಲ್ಲಿ ಎಂದು ಡಯರ್ ಗೊತ್ತುಮಾಡಿದ. ಓದಲು ಬಂದವರಲ್ಲಿ ಬಹುಪಾಲು ಸಮುರಾಯಿ ಮನೆತನದವರು. ಕತ್ತಿ ಹಿಡಿಯುವ ಹಕ್ಕು ಕಳೆದುಕೊಂಡ ಕುಲದ ಮಕ್ಕಳು ಸುತ್ತಿಗೆ, ಅಳತೆಪಟ್ಟಿ ಹಿಡಿದರು. ಮೇಲುಕುಲದವರು ಕೈಯಾರೆ ದುಡಿದದ್ದರಿಂದ ಆ ದುಡಿಮೆಗೇ ಮರ್ಯಾದೆ ಬಂತು.

ಆ ಕಾಲೇಜಿನಿಂದ 1883ರಲ್ಲಿ ಹೊರಬಂದ ತಾನಾಬೆ ಸಾಕುರೊ ಎಂಬ ವಿದ್ಯಾರ್ಥಿ, ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ಕ್ಯೋಟೊ ನಗರಕ್ಕೆ ತರುವ ಯೋಜನೆಯನ್ನೇ ತನ್ನ ಪದವಿಯ ಪ್ರಬಂಧವಾಗಿ ಬರೆದಿದ್ದ. ಬಲಗೈಗೆ ಗಾಯವಾಗಿದ್ದರಿಂದ ಎಡಗೈಯಲ್ಲೇ ಅದನ್ನು ಬರೆದು ಮುಗಿಸಿದ. ಅವನ ಕೈಗೇ ಆ ಕೆಲಸ ಒಪ್ಪಿಸಿದರು. 1890ರಲ್ಲಿ ಕಾಲುವೆ ಮುಗಿಯಿತು. ಮರುವರ್ಷ ಅದೇ ನೀರಿನಿಂದ ವಿದ್ಯುತ್ತೂ ಬಂತು.

ತಾನಾಬೆ ಹುಟ್ಟಿದ್ದು 1861ರಲ್ಲಿ. ಶ್ರೋತೃಗಳೇ, ಅದೇ 1861ರಲ್ಲಿ ಮೈಸೂರು ಸೀಮೆಯ ಮುದ್ದೇನಹಳ್ಳಿಯಲ್ಲಿ ಇನ್ನೊಬ್ಬ ಇಂಜಿನಿಯರ್ ಹುಟ್ಟಿದರು. ಅವರೂ ತಾನಾಬೆಯಂತೆ 1883ರಲ್ಲೇ ಪರೀಕ್ಷೆ ಮುಗಿಸಿದರು. ಹೌದು, ನಾನು ಹೇಳುತ್ತಿರುವುದು ಸರ್ ಎಂ. ವಿಶ್ವೇಶ್ವರಯ್ಯನವರ ಮಾತು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಬಿ.ಎ. ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋದವರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನೇ ನಮ್ಮ ದೇಶ ಇಂಜಿನಿಯರರ ದಿನವೆಂದು ಆಚರಿಸುತ್ತದೆ. ಸ್ಟೀಫನ್‌ಸನ್ನರ ರೈಲು ಹೊರಟ ದಿನವೂ ಅದೇ ಎಂಬುದು ಕಾಕತಾಳೀಯ.

ಅವರು ಒಳಹೊಕ್ಕ ಇಲಾಖೆಯ ಕಟ್ಟಡಕ್ಕೆ ಹಲವು ಅಂತಸ್ತುಗಳಿದ್ದವು. ಭಾರತದಲ್ಲಿ ಇಂಜಿನಿಯರಿಂಗ್ ಶಾಲೆಗಳು ಹುಟ್ಟಿದ್ದು ಬ್ರಿಟಿಷ್ ಸರ್ಕಾರದ ಕಾಲುವೆ ರಸ್ತೆಗಳ ಅಗತ್ಯಕ್ಕಾಗಿ. ಮದರಾಸಿನಲ್ಲಿ 1794ರಲ್ಲಿ ಮೋಜಣಿ ಶಾಲೆ ಬಂತು. ಅದೇ ಬೆಳೆದು ಗಿಂಡಿಯ ಕಾಲೇಜಾಯಿತು. ಗಂಗಾ ಕಾಲುವೆಯ ಕೆಲಸಕ್ಕೆ ಜನ ಬೇಕಾಗಿ 1847ರಲ್ಲಿ ರೂರ್ಕಿಯ ಕಾಲೇಜು, 1854ರಲ್ಲಿ ಪುಣೆಯ ಶಾಲೆ ಬಂದವು. ಆದರೆ ಮೇಲಿನ ಇಂಜಿನಿಯರ ತರಗತಿ ಬೇರೆ, ನಡುವಿನ ಓವರ್‌ಸಿಯರರ ತರಗತಿ ಬೇರೆ, ಕೆಳಗಿನ ನೌಕರರ ತರಗತಿ ಬೇರೆ. ಮೇಲಿನ ಹುದ್ದೆಗಳಿಗೆ ಜನರನ್ನು ತಯಾರು ಮಾಡಲು 1871ರಲ್ಲಿ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಬಲ್ಲಿಯೇ ಒಂದು ಕಾಲೇಜು ತೆರೆದರು. 1906ರಲ್ಲಿ ಮುಚ್ಚುವವರೆಗೆ ಖರ್ಚು ಭರಿಸಬಲ್ಲ ಬ್ರಿಟಿಷ್ ಮನೆತನಗಳ ಹುಡುಗರು ಅಲ್ಲಿಂದ ನೇರವಾಗಿ ಇಲ್ಲಿನ ಇಲಾಖೆಗೆ ಬರುತ್ತಿದ್ದರು. ನೋಡಿ ವಿಚಿತ್ರ! ತನ್ನ ನಾಡಿನಲ್ಲಿ ಕಮ್ಮಟದ ಬಾಗಿಲನ್ನು ಹೊಗಳುತ್ತಿದ್ದ ಬ್ರಿಟನ್, ನಮ್ಮ ನಾಡಿನಲ್ಲಿ ಕಟ್ಟಿದ್ದು ಫ್ರಾನ್ಸಿನಂತೆ ಸರ್ಕಾರಿ ಅಧಿಕಾರಿಯ ಬಾಗಿಲನ್ನು. ನಮ್ಮಲ್ಲಿ ಇಂಜಿನಿಯರ್ ಎಂದಾಕ್ಷಣ ‘ಸಾಹೇಬರು’ ಎಂಬ ಮಾತು ಬರುವುದು ಅಲ್ಲಿಂದ.

ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿ ನಾಸಿಕ, ಖಾನದೇಶ, ಸಕ್ಕರ, ಪುಣೆಗಳಲ್ಲಿ ದುಡಿದು, 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾದರು. ಇಲಾಖೆಯ ತುದಿಯ ಕುರ್ಚಿ ಆ ಕಾಲದಲ್ಲಿ ಭಾರತೀಯರಿಗೆ ಎಟುಕುತ್ತಿರಲಿಲ್ಲ. 1898ರಲ್ಲಿ ಅವರು ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿ ಕಂಡ ಶಾಲೆಗಳು, ಕಾರ್ಖಾನೆಗಳು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದವು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಲ್ಲಿ ದಿವಾನರಾಗಿ, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ತಂದುಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವಿದೆ. ಅದನ್ನು ಬಿಟ್ಟು ಮುಂದೆ ಹೋದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚು ಅವಕಾಶ ದೊರಕಿಸುವ ಬಗ್ಗೆ ಸರ್ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಅರ್ಹತೆಯ ಮಟ್ಟ ಇಳಿಯುತ್ತದೆ ಎಂಬುದು ದಿವಾನರ ಆತಂಕ. ಓದಿನ ಬಾಗಿಲೇ ಎಲ್ಲರಿಗೂ ತೆರೆದಿಲ್ಲದಿರುವಾಗ ಅರ್ಹತೆಯನ್ನು ಅಳೆಯುವುದು ಹೇಗೆ ಎಂಬುದು ಎದುರಿನವರ ಪ್ರಶ್ನೆ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಪರೀಕ್ಷೆ ಎಲ್ಲರಿಗೂ ಒಂದೇ. ಅದರ ಹತ್ತಿರ ಬರುವ ದಾರಿ ಮಾತ್ರ ಒಂದೇ ಅಲ್ಲ. ಪ್ಯಾರಿಸ್ಸಿನಲ್ಲಿ ನಾವು ಕಂಡ ತೊಡಕೇ ಮೈಸೂರಿನಲ್ಲೂ ಎದುರಾಯಿತು.

ಏಕೆಂದರೆ ನಮ್ಮ ನಾಡಿನಲ್ಲಿ ಕೆರೆ ಕಟ್ಟುವ, ಕಲ್ಲು ಸೀಳುವ, ಕಬ್ಬಿಣ ಕಾಯಿಸುವ ವಿದ್ಯೆ ಕಾಲೇಜಿಗಿಂತ ಬಹಳ ಹಿಂದಿನದು. ಒಡ್ಡರು ಮಣ್ಣಿನ ಗುಣವನ್ನು ಕಾಲಲ್ಲಿ ತುಳಿದೇ ಹೇಳಬಲ್ಲವರು. ಕಮ್ಮಾರ, ಬಡಗಿ, ಕಲ್ಲುಕುಟಿಗರು ಅಳತೆ ಬಲ್ಲವರು. ಆದರೆ ಹೊಸ ಕಾಲೇಜುಗಳಿಗೆ ಸೇರಿದವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಲೇಖನಿ ಹಿಡಿದ ಕುಲದವರು. ಕೈಯಲ್ಲಿ ವಿದ್ಯೆ ಇದ್ದವರಿಗೆ ಇಂಗ್ಲಿಷ್ ಇರಲಿಲ್ಲ, ಶುಲ್ಕ ಇರಲಿಲ್ಲ, ಊರ ಶಾಲೆಯ ಒಳಗೆ ಕೂರುವ ಅವಕಾಶವೇ ಹಲವರಿಗೆ ಇರಲಿಲ್ಲ. ಬ್ರಿಟನ್ನಿನಲ್ಲಿ ಕಲ್ಲುಕುಟಿಗ ಟೆಲ್ಫರ್ಡ್ ಇಂಜಿನಿಯರರ ಸಂಸ್ಥೆಯ ಅಧ್ಯಕ್ಷನಾದ. ನಮ್ಮ ಕಲ್ಲುಕುಟಿಗ ಮೇಸ್ತ್ರಿಯಾಗಿಯೇ ಉಳಿದ. ನಮ್ಮ ಇಂಜಿನಿಯರಿಂಗ್ ಚರಿತ್ರೆಯ ದೊಡ್ಡ ನಷ್ಟ ಇದು ಎಂದು ನನಗೆ ಅನಿಸುತ್ತದೆ.

ಹೆಣ್ಣುಮಕ್ಕಳಿಗಂತೂ ಎರಡೂ ಬಾಗಿಲು ಮುಚ್ಚಿದ್ದವು. ಮದರಾಸಿನ ಎ. ಲಲಿತಾ ಹದಿನೆಂಟಕ್ಕೇ ವಿಧವೆಯಾದವರು, ಕೈಯಲ್ಲಿ ಪುಟ್ಟ ಮಗು. ತಂದೆಯ ಬೆಂಬಲದಿಂದ 1940ರಲ್ಲಿ ಗಿಂಡಿ ಕಾಲೇಜಿಗೆ ಸೇರಿ ವಿದ್ಯುತ್ ಇಂಜಿನಿಯರಾದರು. ಅವರ ಬೆನ್ನಿಗೇ ಕೇರಳದ ಪಿ.ಕೆ. ತ್ರೇಸ್ಯಾ ಅದೇ ಕಾಲೇಜಿಗೆ ಸೇರಿ ಸಿವಿಲ್ ಇಂಜಿನಿಯರಾದರು. ತ್ರೇಸ್ಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರಾದರು. ಫ್ರಾನ್ಸಿನ ಪಾಲಿಟೆಕ್ನಿಕ್ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ಅದರ ಮರುವರ್ಷ, 1972ರಲ್ಲಿ! ಆ ವರ್ಷದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದದ್ದೂ ಒಬ್ಬ ಹುಡುಗಿಯೇ.

ಸ್ವಾತಂತ್ರ್ಯದ ನಂತರ ಬಾಗಿಲುಗಳು ಅಗಲವಾದವು. 1951ರಲ್ಲಿ ಖರಗ್‌ಪುರದಿಂದ ಆರಂಭಿಸಿ ಐಐಟಿಗಳು ಬಂದವು. ಮೀಸಲಾತಿಯಿಂದ ತಲೆಮಾರುಗಳ ಕಾಲ ಹೊರಗಿದ್ದವರು ಒಳಗೆ ಬಂದರು. ಖಾಸಗಿ ಕಾಲೇಜುಗಳು ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳಲ್ಲಿ ಅಣಬೆಗಳಂತೆ ಎದ್ದವು. ಕೆಲವು ಕಡೆ ಹಣವೇ ಬಾಗಿಲ ಬೀಗದ ಕೈಯಾಯಿತು. ಇಂದು ಒಂದೇ ಪದವಿ ಹಿಡಿದವರಲ್ಲಿ ಒಬ್ಬ ವಿ‌ದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದರೆ, ಇನ್ನೊಬ್ಬ ಪಟ್ಟಣದಲ್ಲಿ ಓದಿಗೆ ಸಂಬಂಧವಿಲ್ಲದ ಕೆಲಸ ಹುಡುಕುತ್ತಿರುತ್ತಾನೆ. ಸೋವಿಯತ್ ದೇಶದ ಅನುಭವ ಇಲ್ಲಿ ನೆನಪಿಗೆ ಬರುತ್ತದೆ. ಹೆಸರೊಂದೇ ಅಂತಸ್ತನ್ನು ಕಾಪಾಡುವುದಿಲ್ಲ.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳೋಣ? ಐಟಿಐ, ಡಿಪ್ಲೊಮಾ ಓದುವ ಮಗನನ್ನು “ಅಷ್ಟಕ್ಕೇ ಹೋದನೇ?” ಎಂದು ಹಳಿಯುವುದನ್ನು ಬಿಡೋಣ. ಡಿಪ್ಲೊಮಾ ಮುಗಿಸಿದವರು ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕಮ್ಮಟದಿಂದ ಶಾಲೆಗೆ ಇರುವ ಒಳಬಾಗಿಲು ಅದು. ಕನ್ನಡ, ಮರಾಠಿ, ತಮಿಳು, ತೆಲುಗು, ಮಲಯಾಳಂ ಸೇರಿದಂತೆ ನಮ್ಮ ಭಾಷೆಗಳಲ್ಲೇ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಅನುಮತಿ ದೊರೆತಿದೆ. ಅದು ಇನ್ನೂ ಗಟ್ಟಿಯಾಗಿ ಬೇರೂರಬೇಕು. ಆದರೂ ಸ್ಟೀಫನ್‌ಸನ್ನರ ಹಳ್ಳಿ ಮಾತಿಗೆ ನಕ್ಕವರ ಕಥೆ ಕೇಳಿದ ಮೇಲೆ ಅದರ ಬೆಲೆ ನಮಗೆ ಗೊತ್ತಾಗಬೇಕು.

ಕೊನೆಗೆ ನಮ್ಮ ಸೀಮೆಯದೇ ಒಂದು ಚಿತ್ರ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾದಾಗ ನದಿಯ ಒಂದು ದಡ ಮದರಾಸು ಸರ್ಕಾರದ್ದು, ಇನ್ನೊಂದು ದಡ ಹೈದರಾಬಾದಿನ ನಿಜಾಮರದ್ದು. ಎರಡು ಸರ್ಕಾರಗಳ ಇಂಜಿನಿಯರರು ಎರಡು ದಡಗಳಿಂದ ಕಟ್ಟುತ್ತ ಬಂದು ನಡುವೆ ಸೇರಿದರು. 1953ರ ಹೊತ್ತಿಗೆ ಅಣೆಕಟ್ಟು ಪೂರ್ತಿಯಾಯಿತು. ಅದರ ನೀರು ಇಂದು ಬಳ್ಳಾರಿ ಸೀಮೆಯನ್ನು ದಾಟಿ ಆದವಾನಿಯ ಹೊಲಗಳವರೆಗೆ ಹರಿಯುತ್ತದೆ. ಆ ಇಂಜಿನಿಯರರ ಹೆಸರುಗಳು ದಾಖಲೆಯಲ್ಲಿವೆ, ಇರಬೇಕಾದದ್ದೇ. ಆದರೆ ಅದು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಅಣೆಕಟ್ಟು. ಆ ಕಲ್ಲುಗಳನ್ನು ಸೀಳಿ, ಹೊತ್ತು, ಕೂಡಿಸಿದ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ಕೈಗಳ ಮೊಮ್ಮಕ್ಕಳಲ್ಲಿ ಯಾರಾದರೂ ಇಂದು ಇಂಜಿನಿಯರಿಂಗ್ ಪುಸ್ತಕ ಹಿಡಿದು ಕುಳಿತಿದ್ದರೆ, ಆ ಮನೆಗೆ ಅಂತಸ್ತು ಈಗ ಹೊಸದಾಗಿ ಬರಬೇಕಾಗಿಲ್ಲ. ಸಲ್ಲಬೇಕಾದದ್ದು ತಡವಾಗಿ ಸಲ್ಲುತ್ತಿದೆ, ಅಷ್ಟೆ.